ಎರಡು ಹೆಸರುಗಳ ನಡುವಿನ ಹಳದಿ

ಈ ತರಹದ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಎಡಗಣ್ಣು ಹಾರಿತು, ಬೆಕ್ಕು ಅಡ್ಡ ಬಂತು, ಸತ್ತವರು ಕನಸಿನಲ್ಲಿ ಬಂದು ನೀರು ಕೇಳಿದರು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ನನ್ನ ಕಸುಬೂ ಅಂಥದ್ದೇ. ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ತರಗತಿ ನಡೆಸುತ್ತಿದ್ದವನು ನಾನು. ಹೊಸ ಬ್ಯಾಚಿನವರಿಗೆ ಮೊದಲ ದಿನ ಹೇಳುತ್ತಿದ್ದುದು ಒಂದೇ ಮಾತು: ಯಂತ್ರ ತಪ್ಪು ಮಾಡುವುದಿಲ್ಲ, ನೀವು ಹೇಳಿದ್ದನ್ನಷ್ಟೇ ಮಾಡುತ್ತದೆ, ಎಡವಟ್ಟಾದರೆ ನೀವು ಬರೆದ ಸಾಲಿನಲ್ಲಿ ಹುಡುಕಿ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಹೇಳುವಾಗ ಎದುರಿಗಿದ್ದವರ ಮುಖ ನೋಡುವುದಿಲ್ಲ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬಿ ಎಂದು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ಎರಡು ಸಾವಿರದ ಏಳನೆಯ ಇಸವಿಯ ಬೇಸಿಗೆ. ಬ್ಯಾಡಗಿಯಲ್ಲಿ ನಾನು ಕಲಿತ ಹೈಸ್ಕೂಲಿಗೆ ಐವತ್ತು ವರ್ಷ ತುಂಬುವುದಿತ್ತು. ನನಗೆ ಗಣಿತ ಕಲಿಸಿದ ಮಾಸ್ತರರೇ ಆಗ ಹೆಡ್ಮಾಸ್ತರರು. ಒಂದು ದಿನ ರಾಣೆಬೆನ್ನೂರಿಗೆ ಬಂದವರು ಮೆಟ್ಟಿಲು ಹತ್ತಿ ನನ್ನ ತರಗತಿಗೇ ಬಂದು ಕುಳಿತರು. "ನೀ ಇಷ್ಟ್ ಮಾಡಿಕೊಡಪಾ. ಐವತ್ತು ವರ್ಷದಾಗ ನಮ್ಮ ಸಾಲಿಗೆ ಬಂದವರ ಹೆಸರೆಲ್ಲಾ ಇಂಟರ್ನೆಟ್ಟಿನ್ಯಾಗ ಒಂದ ಕಡೆ ಇರಬೇಕು. ಯಾರರ ಬಂದು ತಮ್ಮ ಹೆಸರು ಹೊಡದ್ರ ಅದು ಹಳದಿ ಆಗಿ ಎದ್ದು ಕಾಣಬೇಕು. ವಯಸ್ಸಾದವರು ಹುಡುಕ್ಯಾಡಿ ದಣೀಬಾರದು ನೋಡು." ಬಣ್ಣವನ್ನೂ ಅವರೇ ಆರಿಸಿದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಕೆಲಸ ಕಷ್ಟದ್ದಲ್ಲ. ವರ್ಷಕ್ಕೊಂದು ಪ್ಯಾರಾದಂತೆ ಒಂದೇ ಉದ್ದನೆಯ ಪುಟ. ಮೇಲೊಂದು ಹುಡುಕುವ ಡಬ್ಬಿ. ಅದರಲ್ಲಿ ಹೆಸರು ಬರೆದು ಗುಂಡಿ ಒತ್ತಿದರೆ ನನ್ನ ಪ್ರೋಗ್ರಾಂ ಆ ಹೆಸರನ್ನು ಒಂದು ಮಾದರಿಯನ್ನಾಗಿ ಮಾಡಿಕೊಂಡು ಇಡೀ ಪುಟದ ಮೇಲೆ ಹಾಯುತ್ತದೆ. ಇದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಮಾದರಿಗೆ ಹೊಂದುವ ಅಕ್ಷರಗಳು ಎಲ್ಲೆಲ್ಲಿ ಸಿಕ್ಕವೋ ಅಲ್ಲಲ್ಲಿ ಹಿಂದೊಂದು ಮುಂದೊಂದು ಕಣ್ಣಿಗೆ ಕಾಣದ ಗುರುತು ಹಾಕುತ್ತದೆ. ಆ ಎರಡು ಗುರುತುಗಳ ನಡುವೆ ಇರುವುದೆಲ್ಲ ಹಳದಿಯಾಗುತ್ತದೆ. ಎಷ್ಟು ಸಿಕ್ಕವು ಎಂಬ ಸಂಖ್ಯೆಯನ್ನೂ ಪುಟದ ತಲೆಯ ಮೇಲೆ ತೋರಿಸುವಂತೆ ಮಾಡಿದ್ದೆ.

ಈ ಮಾದರಿಗಳ ಭಾಷೆಯಲ್ಲಿ ಕೆಲವು ಚಿಹ್ನೆಗಳಿಗೆ ಬೇರೆಯೇ ಅರ್ಥ ಇರುತ್ತದೆ. ಚುಕ್ಕಿ ಎಂದರೆ ‘ಯಾವ ಅಕ್ಷರವಾದರೂ ಸರಿ’ ಎಂದು. ಅದಕ್ಕೆ ಕಡಿವಾಣ ಹಾಕುವುದನ್ನು ನಾನು ಮರೆತಿದ್ದೆ. ಮೊದಲ ಸಲ ತೋರಿಸುವಾಗ ಹೆಡ್ಮಾಸ್ತರರು ಬರೀ ಒಂದು ಚುಕ್ಕಿ ಒತ್ತಿದರು. ಐವತ್ತು ವರ್ಷದ ಮಕ್ಕಳೆಲ್ಲ ಒಮ್ಮೆಲೇ ಹಳದಿಯಾದರು. "ಇದೇನಪಾ, ಎಲ್ಲಾರಿಗೂ ಅರಿಷಿಣ ಹಚ್ಚಿಬಿಟ್ಟೆಲ್ಲೋ" ಎಂದು ಕನ್ನಡಕ ತೆಗೆದು ನಕ್ಕರು. ಸರಿಪಡಿಸಿದೆ. ಹೀಗೆ ಎಡವಟ್ಟಾದಾಗಲೆಲ್ಲ ಕಾರಣ ಸಿಗುತ್ತಿತ್ತು, ಪ್ರತಿ ಸಲವೂ ತಪ್ಪು ನನ್ನದೇ ಆಗಿರುತ್ತಿತ್ತು.

ಹೆಸರುಗಳನ್ನು ಶಾಲೆಯ ದಾಖಲಾತಿ ರಜಿಸ್ಟರ್ ನೋಡಿ ನಾನೇ ಟೈಪ್ ಮಾಡಿದೆ. ಹುಡುಗನದೋ ಹುಡುಗಿಯದೋ ಹೆಸರು, ಜೊತೆಗೆ ತಂದೆಯ ಹೆಸರು. ಮಣಭಾರದ ಪುಸ್ತಕಗಳು, ಹಾಳೆ ಮಗುಚಿದರೆ ಪುಡಿ ಉದುರುತ್ತಿತ್ತು. ಒಂದು ಸಂಜೆ ನನ್ನದೇ ವರ್ಷ ಬಂತು. ನನ್ನ ಹೆಸರಿನ ಎದುರು ಪಾಲಕರ ಸಹಿಯ ಕಾಲಂನಲ್ಲಿ ದುಂಡಗಿನ ಅಕ್ಷರದಲ್ಲಿ ‘ಗಿರಿಜಾ’ ಎಂದಿತ್ತು. ಅಪ್ಪನಿಗೆ ಅವತ್ತು ಮೆಣಸಿನಕಾಯಿ ಪೇಟೆಯಿಂದ ಬರಲಾಗಿರಲಿಲ್ಲ. ಹತ್ತನೆಯ ತರಗತಿಯಲ್ಲಿದ್ದ ಅಕ್ಕ ನನ್ನನ್ನು ಕೈಹಿಡಿದು ಕರೆದೊಯ್ದು ಎಂಟನೆಯ ತರಗತಿಗೆ ಸೇರಿಸಿದ್ದಳು. ಗುಮಾಸ್ತರು ಅದಕ್ಕೆ ಹೇಗೆ ಒಪ್ಪಿದರೋ ಕಾಣೆ.

ಅಕ್ಕನ ಬಗ್ಗೆ ಹೇಳಬೇಕು. ಅವಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹಾವೇರಿಗೆ ಹೋಗಿ ಆಗ ಒಂಬತ್ತು ವರ್ಷವಾಗಿತ್ತು. ಮಂಜುನಾಥ ಅವನ ಹೆಸರು. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಸಣ್ಣ ಅಂಗಡಿ. ಅವಳು ಹೋದ ಮರುದಿನ ಅಪ್ಪ ಹೊಳೆಗೆ ಹೋಗಿ, ಮಣ್ಣು ಮಾಡಿ ಬಂದವರ ಹಾಗೆ ತಲೆಯ ಮೇಲೆ ನೀರು ಹಾಕಿಕೊಂಡು ಬಂದ. ಅಲ್ಲಿಂದ ನಮ್ಮ ಮನೆಯಲ್ಲಿ ಆ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ಆ ಬೇಸಿಗೆಗೆ ಎರಡು ವರ್ಷ ಮೊದಲು ಅಪ್ಪ ತೀರಿಕೊಂಡಾಗ ಅಕ್ಕ ಬಂದು ರಸ್ತೆಯ ಆಚೆ ಬದಿ ನಿಂತಿದ್ದಳು. ನಾನು ನೋಡಿದೆ. ಒಳಗೆ ಬಾ ಎನ್ನಲಿಲ್ಲ. ಎನ್ನಬೇಡ ಎಂದು ತಡೆಯುವವನು ಚಟ್ಟದ ಮೇಲಿದ್ದ, ಆದರೂ ಎನ್ನಲಿಲ್ಲ.

ಇನ್ನು ಈ ಪುಟದ ವಿಷಯ. ಆ ಬೇಸಿಗೆ ರಾಣೆಬೆನ್ನೂರಿನ ಒಂದು ಮನೆಯ ಹುಡುಗಿಯೊಂದಿಗೆ ನನ್ನ ಮದುವೆಯ ಮಾತು ನಡೆದಿತ್ತು. ನಾನು ಒಬ್ಬನೇ ಮಗ, ಅಕ್ಕ ತಂಗಿ ಯಾರೂ ಇಲ್ಲ ಎಂದು ನಮ್ಮ ಕಡೆಯ ಹಿರಿಯರು ಹೇಳಿಬಿಟ್ಟಿದ್ದರು. ನಾನು ಸುಮ್ಮನೆ ಕುಳಿತು ಅವಲಕ್ಕಿ ತಿಂದಿದ್ದೆ. ಹುಡುಗಿಯ ತಂದೆಯೂ ಅದೇ ಶಾಲೆಯಲ್ಲಿ ಕಲಿತವರು, ಸಮಾರಂಭದ ಸಮಿತಿಯಲ್ಲಿದ್ದವರು. ಪುಟ ತೆರೆದು ನನ್ನ ತಂದೆಯ ಹೆಸರು ಹುಡುಕಿದರೆ ಇಬ್ಬರು ಮಕ್ಕಳು ಹಳದಿಯಾಗುತ್ತಿದ್ದರು.

ಅದಕ್ಕೇ ಅಕ್ಕನ ವರ್ಷದ ಪ್ಯಾರಾ ಟೈಪ್ ಮಾಡುವಾಗ ರೇಣುಕಾ ಬರೆದ ಮೇಲೆ ಗಿರಿಜಾ ಬಿಟ್ಟು ಶಕುಂತಲಾಗೆ ಹೋದೆ. ಯಾರೂ ಬಿಡು ಎಂದಿರಲಿಲ್ಲ. ಅಪ್ಪನ ಮೇಲೆ ಹಾಕೋಣವೆಂದರೆ ಅಪ್ಪ ಇರಲಿಲ್ಲ. ನಾನೇ, ನನ್ನ ಹತ್ತು ಬೆರಳಿನಿಂದಲೇ ಬಿಟ್ಟೆ. ಬಿಟ್ಟಾಗ ದೊಡ್ಡ ಸಂಕಟವೇನೂ ಆಗಲಿಲ್ಲ. ಒಂದು ಲೋಟ ನೀರು ಕುಡಿದು ಮುಂದಿನ ಹಾಳೆ ಮಗುಚಿದೆ.

ಪುಟ ಊರಿನವರಿಗೆ ತೋರಿಸಲು ಇನ್ನೆರಡು ದಿನ ಇರುವಾಗ ಆ ಮಧ್ಯಾಹ್ನ ಬಂತು. ರಜೆಯ ದಿನಗಳು, ತರಗತಿಯಲ್ಲಿ ಯಾರೂ ಇರಲಿಲ್ಲ. ತಗಡಿನ ಸೂರು ಕಾದು ಫ್ಯಾನಿನ ಗಾಳಿಯೂ ಬಿಸಿಯಾಗಿತ್ತು. ಊಟ ಮುಗಿಸಿ ಕೊನೆಯ ಪರೀಕ್ಷೆಗೆ ಕುಳಿತೆ. ‘ಪ್ರಕಾಶ’ ಎಂದು ಕೊಟ್ಟೆ. ತಲೆಯ ಮೇಲೆ ಹದಿನಾಲ್ಕು ಎಂದು ಬಂತು. ಪುಟ ಇಳಿಸುತ್ತಾ ಹಳದಿಯಾದವನ್ನು ಒಂದೊಂದಾಗಿ ಎಣಿಸಿದೆ. ಹದಿನೈದು ಇದ್ದವು.

ಹೆಚ್ಚಾದದ್ದು ಯಾವುದೆಂದು ನೋಡಿದೆ. ರೇಣುಕಾಳ ತಂದೆಯ ಹೆಸರು ಮುಗಿದ ಮೇಲೆ, ಶಕುಂತಲಾ ಶುರುವಾಗುವ ಮೊದಲು, ಒಂದು ಖಾಲಿ ಹಳದಿ ಪಟ್ಟಿ. ಒಳಗೆ ಒಂದು ಅಕ್ಷರವೂ ಇಲ್ಲ. ಒಂದು ಹೆಸರು ಹಿಡಿಸುವಷ್ಟು ಅಗಲ.

ನನಗೆ ಭಯವೇನೂ ಆಗಲಿಲ್ಲ, ರೇಗಿತು. ಇದಕ್ಕೊಂದು ಕಾರಣ ನನಗೆ ಗೊತ್ತಿತ್ತು. ಬರೆದ ಮಾದರಿ ಸಡಿಲವಾಗಿದ್ದರೆ ಅದು ಏನೂ ಇಲ್ಲದ ಕಡೆಯೂ ಹೊಂದಿಕೊಂಡುಬಿಡುತ್ತದೆ, ಶೂನ್ಯಕ್ಕೂ ಗುರುತು ಹಾಕುತ್ತದೆ. ಆದರೆ ಹಾಗಾದರೆ ಪುಟದ ತುಂಬ, ಅಕ್ಷರ ಅಕ್ಷರದ ಸಂದಿಯಲ್ಲೂ ಆಗಬೇಕು. ಒಂದೇ ಕಡೆ ಆಗುವುದು ಸಾಧ್ಯವಿಲ್ಲ. ಬಣ್ಣ ಬಳಿದ ಮೇಲೆ ಪುಟದ ಹಿಂದಿರುವ ಕಾಣದ ಬರಹವನ್ನೇ ಬಿಚ್ಚಿ, ಆ ಎರಡು ಹೆಸರುಗಳ ನಡುವೆ ಏನು ಗುರುತು ಬಿದ್ದಿದೆ ಎಂದು ನೋಡಿದೆ. ಏನೂ ಬಿದ್ದಿರಲಿಲ್ಲ. ಒಂದು ಅಲ್ಪವಿರಾಮ, ಒಂದು ಖಾಲಿ ಜಾಗ, ಅಷ್ಟೇ. ಪಟ್ಟಿಯ ಮೇಲೆ ಮೌಸ್ ಎಳೆದು ನಕಲು ಮಾಡಿ ಬೇರೆ ಹಾಳೆಯಲ್ಲಿ ಇಳಿಸಿದೆ. ಖಾಲಿ. ‘ಸಾವಿತ್ರಿ’ ಎಂದು ಹುಡುಕಿದೆ. ಸಾವಿತ್ರಿಯರ ಜೊತೆಗೆ ಪಟ್ಟಿ ಬಂತು. ಯಾರ ಹೆಸರೂ ಅಲ್ಲದ ಒಂದು ಅಡ್ನಾಡಿ ಶಬ್ದ ಕೊಟ್ಟೆ. ತಲೆಯ ಮೇಲೆ ಸೊನ್ನೆ. ಪುಟದಲ್ಲಿ ಆ ಪಟ್ಟಿ ಒಂದೇ.

ಅಷ್ಟರಲ್ಲಿ ಮೊಬೈಲು ಮೇಜಿನ ಮೇಲೆ ಗುರುಗುಟ್ಟಿತು. ತೆರೆಯ ಮೇಲೆ ‘ಹಾವೇರಿ’ ಎಂದಿತ್ತು. ಮಂಜುನಾಥನ ನಂಬರನ್ನು ನಾನು ಹಾಗೆ ಉಳಿಸಿಕೊಂಡಿದ್ದೆ, ಪಕ್ಕದಲ್ಲಿದ್ದವರು ನೋಡಿದರೆ ಯಾರೋ ಗಿರಾಕಿ ಎಂದುಕೊಳ್ಳಲಿ ಎಂದು. ಅವನು ವರ್ಷಕ್ಕೊಮ್ಮೆ ಯುಗಾದಿಗೆ ಫೋನ್ ಹಚ್ಚುತ್ತಿದ್ದ, ನಾನು ಎತ್ತುತ್ತಿರಲಿಲ್ಲ. ಯುಗಾದಿ ಆಗಿ ತಿಂಗಳಾಗಿತ್ತು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಇವನಿಗೇನು ಈಗ ಎಂದುಕೊಂಡು ಬಿಟ್ಟೆ. ಮತ್ತೊಮ್ಮೆ ಬಂತು. ಈ ಪಟ್ಟಿಯ ಕೆಲಸ ಮುಗಿಸಿ ನೋಡೋಣ ಎಂದು ಮೊಬೈಲನ್ನು ಬೋರಲು ಹಾಕಿದೆ.

ನಿಜ ಹೇಳಬೇಕೆಂದರೆ ಆ ಪಟ್ಟಿ ಎಲ್ಲಿದೆ ಎಂಬುದು ನನಗೆ ತಿಳಿಯದೆ ಇರಲಿಲ್ಲ. ನೋಡಿದ ಮೊದಲ ಕ್ಷಣದಲ್ಲೇ ತಿಳಿದಿತ್ತು. ಆದರೆ ತಿಳಿದದ್ದನ್ನು ತಿಳಿಯದ ಹಾಗೆ ಇರುವುದು ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ರೂಢಿ. ಇದು ಪ್ರೋಗ್ರಾಮಿನ ದೋಷ, ದೋಷವನ್ನು ತೆಗೆಯಬೇಕು, ಇಷ್ಟೇ ಎಂದು ಹಟ ಹಿಡಿದೆ. ಕಾರಣ ಸಿಗದಿದ್ದರೆ ಕಳ್ಳದಾರಿ ಇದ್ದೇ ಇರುತ್ತದೆ. ಒಂದು ಹೊಸ ಸಾಲು ಬರೆದೆ. ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಪುಟದಲ್ಲಿ ಎಲ್ಲರಿಗೂ ಗುರುತು ಹಾಕು, ಆದರೆ ರೇಣುಕಾ ಮತ್ತು ಶಕುಂತಲಾ ಇವರ ನಡುವೆ ಏನಿದ್ದರೂ ಅದನ್ನು ಮುಟ್ಟಬೇಡ.

ಆ ಸಾಲು ಟೈಪ್ ಮಾಡುವಾಗ ಮೂರನೆಯ ಸಲ ಫೋನ್ ಬಂತು. ಬೋರಲು ಬಿದ್ದಲ್ಲೇ ಗುರುಗುಟ್ಟಿ ಮೇಜಿನ ಅಂಚಿನ ತನಕ ಸರಿದು ನಿಂತಿತು. ಫೈಲು ಉಳಿಸಿ ಹುಡುಕಿದೆ. ಪಟ್ಟಿ ಹೋಗಿತ್ತು. ಪ್ರಕಾಶರು ಹದಿನಾಲ್ಕು, ಹಳದಿಯಾದವರೂ ಹದಿನಾಲ್ಕು. ನಡುವೆ ಏನೂ ಇಲ್ಲದ ಮೇಲೆ ಆ ಸಾಲಿನಿಂದ ಏನೂ ಬದಲಾಗಬಾರದಿತ್ತು, ಆದರೂ ಬದಲಾಯಿತು. ನನಗೆ ಖುಷಿಯಾಯಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಕೆಳಗಿಳಿದು ಒಂದು ಚಹಾ ಕುಡಿದು ಬಂದೆ. ಫೋನ್ ಮತ್ತೆ ಬರಲಿಲ್ಲ. ನಾನೂ ಹಚ್ಚಲಿಲ್ಲ.

ಸಂಜೆ ಬ್ಯಾಡಗಿಯಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅವ್ವ ಹೊಸ್ತಿಲ ಹೊರಗೆ ನಿಂತಿದ್ದಳು. ಬೇರೆ ಸೀರೆ ಉಟ್ಟಿದ್ದಳು, ಕೈಯಲ್ಲಿ ಒಂದು ಚೀಲ. ಮನೆಯ ಫೋನಿಗೆ ಸುದ್ದಿ ಬಂದಿತ್ತು. "ಗಿರಿಜಾ ಹೋದ್ಲು" ಎಂದಳು. "ಚಪ್ಪಲಿ ಬಿಡಬ್ಯಾಡ. ಹಂಗ ನಡಿ." ಒಂಬತ್ತು ವರ್ಷದ ಮೇಲೆ ನಮ್ಮ ಮನೆಯ ಬಾಗಿಲಲ್ಲಿ ಆ ಹೆಸರು ಕೇಳಿದ್ದು ಹೀಗೆ.

ಹಾವೇರಿಯಲ್ಲಿ ಅಗಡಿಗೆ ಹೋಗುವ ರಸ್ತೆಯಲ್ಲಿ ಅವರ ಬಾಡಿಗೆಯ ಮನೆ. ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕಾಮಾಲೆಯ ಹಳದಿ ಮುಖದ ಮೇಲೆ ಇನ್ನೂ ಇತ್ತು. ಇದರಿಂದ ನಾನು ಏನನ್ನೂ ಹೇಳಲು ಹೊರಟಿಲ್ಲ. ಆ ಬಣ್ಣವನ್ನು ಆರಿಸಿದವರು ಹೆಡ್ಮಾಸ್ತರರು ಎಂದು ಆಗಲೇ ಹೇಳಿದ್ದೇನೆ. ಮಂಜುನಾಥ ನನ್ನನ್ನು ಕಂಡು ಎದ್ದು ನಿಂತು, ಕುಂದ್ರಿ ಎಂದು ಚಾಪೆ ತೋರಿಸಿದ. ಜಗಳ ತೆಗೆದಿದ್ದರೆ ಒಳ್ಳೆಯದಿತ್ತು. "ನಾಕ್ ದಿನದಾಗ ಏರಿಬಿಡ್ತರಿ. ಮಧ್ಯಾಹ್ನ ಸ್ವಲ್ಪ ಎಚ್ಚರ ಇತ್ತು. ತಮ್ಮಗ ಫೋನ್ ಹಚ್ಚು ಅಂದ್ಲು. ಮೂರು ಸಲ ಹಚ್ಚಿದ್ನಿ. ನೀವು ಎತ್ತಿದ್ರ ಆಕಿ ಕಿವಿಗೆ ಹಿಡಿಯಾಂವ ಇದ್ದೆ." ಆಮೇಲೆ ನನ್ನನ್ನು ಸಮಾಧಾನ ಮಾಡುವ ಹಾಗೆ, "ಕೆಲಸದಾಗ ಇದ್ದಿರಬೇಕು ಬಿಡ್ರಿ" ಎಂದ. ಏನು ಹೇಳಬೇಕೆಂದಿದ್ದಳು ಎಂದು ಕೇಳಿದೆ. "ಅದನ್ನ ನನಗ ಹೇಳ್ಲಿಲ್ರಿ" ಎಂದ. ಜೀವ ಹೋದದ್ದು ಮೂರೂವರೆ ದಾಟಿದ ಮೇಲೆ, ನಾಲ್ಕರ ಒಳಗೆ. ಆಮೇಲೆ ನಾನು ನೋಡಿದೆ, ಆ ಸಾಲು ಬರೆದು ಫೈಲು ಉಳಿಸಿದ ಹೊತ್ತು ಮೂರು ನಲವತ್ತೊಂದು.

ಅವ್ವ ಯಾರನ್ನೂ ಕೇಳದೆ ಒಳಗೆ ಹೋಗಿ ಟ್ರಂಕು ತೆಗೆದು ಅಕ್ಕನ ಹಸಿರು ಸೀರೆ ತಂದಳು. ಕೊಡ ಎಲ್ಲಿದೆ, ಕುಂಕುಮದ ಭರಣಿ ಯಾವ ಮಾಡದಲ್ಲಿದೆ ಎಲ್ಲ ಅವಳಿಗೆ ಗೊತ್ತಿತ್ತು. ಕದರಮಂಡಲಗಿಯ ಹನುಮಪ್ಪನಿಗೆ ಹೋಗಿ ಬರುತ್ತೇನೆ ಎಂದು ಶನಿವಾರ ಹೊರಟವಳು ಎಷ್ಟೋ ಸಲ ಕತ್ತಲಾದ ಮೇಲೆ ಬರುತ್ತಿದ್ದುದು ನನಗೆ ಆಗ ಹೊಳೆಯಿತು. ಮಗಳನ್ನು ಅವ್ವ ಬಿಟ್ಟಿರಲೇ ಇಲ್ಲ. ಅಪ್ಪ ಹೋದ ಮೇಲಾದರೂ ನನಗೆ ಹೇಳಬಹುದಿತ್ತು. ನಾನು ಎಂಥವನೆಂದು ನೋಡಿಯೇ ಹೇಳದೆ ಇದ್ದಿರಬೇಕು.

ಮದುವೆಯ ಮಾತೂ ಮುರಿಯಲಿಲ್ಲ. ಸುದ್ದಿ ತಿಳಿದು ಹುಡುಗಿಯ ತಂದೆ ನಮ್ಮ ಮನೆಗೆ ಬಂದು ಅವ್ವನ ಎದುರು ಕುಳಿತು, "ಮಗಳದಾಳ ಅಂತ ಮೊದಲ ಹೇಳಿದ್ರ ಏನಾಗ್ತಿತ್ರಿ? ನಮ್ಮ ಮನ್ಯಾಗೂ ಇಂಥವು ಆಗ್ಯಾವ" ಎಂದರು. ಅವರ ಮಗಳೇ ಈಗ ನನ್ನ ಹೆಂಡತಿ. ಯಾವ ಭಯದಿಂದ ಅಕ್ಕನ ಹೆಸರನ್ನು ಬಿಟ್ಟೆನೋ ಆ ಭಯಕ್ಕೆ ತಲೆಯೂ ಇರಲಿಲ್ಲ ಬುಡವೂ ಇರಲಿಲ್ಲ. ಒಂದು ದೊಡ್ಡ ವಿರೋಧ ಇದ್ದಿದ್ದರೆ ಅದರ ಹಿಂದೆ ಅಡಗಿಕೊಳ್ಳಬಹುದಿತ್ತು. ಅದೂ ಸಿಗಲಿಲ್ಲ.

ಐದನೆಯ ದಿನ ರಾಣೆಬೆನ್ನೂರಿಗೆ ಹೋಗಿ ಯಂತ್ರದ ಮುಂದೆ ಕುಳಿತು ಆ ಸಾಲನ್ನು ಅಳಿಸಿದೆ. ರೇಣುಕಾ ಮತ್ತು ಶಕುಂತಲಾ ನಡುವೆ ಅಕ್ಕನ ಹೆಸರನ್ನು, ಮುಂದೆ ಅಪ್ಪನ ಹೆಸರನ್ನು ಸೇರಿಸಿದೆ. ‘ಗಿರಿಜಾ’ ಎಂದು ಹುಡುಕಿದೆ. ತಲೆಯ ಮೇಲೆ ಆರು ಎಂದು ಬಂತು. ಐವತ್ತು ವರ್ಷದಲ್ಲಿ ಆ ಶಾಲೆಗೆ ಬಂದ ಗಿರಿಜೆಯರು ಆರು ಜನ. ಐವರು ಹಳದಿಯಾಗಿದ್ದರು. ಅಕ್ಕ ಆಗಿರಲಿಲ್ಲ.

ಅಳಿಸಿ ಮತ್ತೆ ಬರೆದೆ. ಬೇರೆ ಗಿರಿಜೆಯೊಬ್ಬಳ ಹೆಸರನ್ನೇ ನಕಲು ಮಾಡಿ ತಂದು ಅಲ್ಲಿ ಇಳಿಸಿದೆ. ಮೂಲದಲ್ಲಿ ಹಳದಿಯಾದ ಅದೇ ಅಕ್ಷರಗಳು ಇಲ್ಲಿ ಬಿಳಿಯಾಗಿ ಉಳಿದವು. ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ಹೆಡ್ಮಾಸ್ತರರಿಗೆ ಫೋನ್ ಮಾಡಿ, ಸರ್, ನಿಮ್ಮಲ್ಲಿ ತೆರೆದು ಗಿರಿಜಾ ಎಂದು ಹುಡುಕಿ ಎಣಿಸಿ ನೋಡಿ ಎಂದೆ. ಅವರು ಎಣಿಸಿ, "ಆರೂ ಬಂದಾವಲ್ಲೋ. ಯಾಕ?" ಎಂದರು. ಏನಿಲ್ಲ ಸರ್ ಎಂದು ಇಟ್ಟೆ. ಆಗ ನನ್ನ ಯಂತ್ರದ ದೋಷ ಎಂದುಕೊಂಡೆ. ಆಮೇಲೆ ಯಂತ್ರಗಳು ಎಷ್ಟೋ ಬದಲಾದವು, ಶಾಲೆಯವರು ಆ ಪುಟವನ್ನೂ ಮುಚ್ಚಿದರು. ನನ್ನ ಹತ್ತಿರ ಒಂದು ಪ್ರತಿ ಉಳಿದಿದೆ. ಯಾರೂ ಇಲ್ಲದಾಗ ತೆರೆದು ನೋಡುತ್ತೇನೆ. ಕಣ್ಣಿನ ಡಾಕ್ಟರಿಗೂ ತೋರಿಸಿದ್ದೇನೆ. ಬಣ್ಣ ಕಾಣುವುದರಲ್ಲಿ ಏನೂ ತೊಂದರೆ ಇಲ್ಲವಂತೆ. ಮನಸ್ಸಿನದು ಎನ್ನುತ್ತೀರಿ. ನಾನೂ ಅದನ್ನೇ ಹೇಳಿಕೊಳ್ಳುತ್ತೇನೆ. ಆದರೆ ಆ ಮಧ್ಯಾಹ್ನದ ಖಾಲಿ ಹಳದಿ ಪಟ್ಟಿಗೆ ಏನು ಹೇಳಲಿ? ಅವತ್ತು ಅಕ್ಕನಿಗೆ ಕಾಯಿಲೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಸಮಾರಂಭ ಮುಗಿದ ಮೇಲೆ ಒಂದು ದಿನ ಅವ್ವ ತಾನಾಗಿಯೇ ರಾಣೆಬೆನ್ನೂರಿಗೆ ಬಂದಳು. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು, "ಆಕಿ ಹೆಸರು ಹಾಕೀಯಂತಲ್ಲ, ತೋರಸು" ಎಂದಳು. ಅವಳು ಓದಿದ್ದು ಮೂರನೆಯ ತರಗತಿ. ಕುರ್ಚಿ ಹಾಕಿ ಕೂರಿಸಿ, ಹೆಸರು ಹುಡುಕಿ, ಆ ಪ್ಯಾರಾಕ್ಕೆ ಇಳಿಸಿದೆ. ಯಾವುದೆಂದು ನಾನು ಹೇಳಲಿಲ್ಲ. ಹೇಳುವ ಮೊದಲೇ ಅವ್ವ ತೆರೆಯ ಹತ್ತಿರ ಬಾಗಿ, ಇಷ್ಟು ಹೆಸರುಗಳ ನಡುವೆ ಬೆರಳನ್ನು ನೇರ ಅಲ್ಲಿಗೇ ಇಟ್ಟು, ಅಕ್ಷರ ಕೂಡಿಸಿ ಓದಿದಳು. ಆಮೇಲೆ ಹಿಂದಕ್ಕೆ ಸರಿದು ಸೆರಗಿನಿಂದ ಮೂಗು ಒರಸಿಕೊಂಡಳು.

"ಚಲೋ ಹಳದಿ ಆಗೇತಿ ನೋಡೋ. ದೂರದಿಂದನೂ ಕಾಣತೈತಿ."

ನಾನು ನೋಡಿದೆ. ಬಿಳಿಯ ಮೇಲೆ ಕಪ್ಪು ಅಕ್ಷರ, ಸುತ್ತಲಿನವರ ಹಾಗೆಯೇ.

"ಹೌದವ್ವಾ, ಕಾಣತೈತಿ" ಎಂದೆ.